ಅತ್ತೆ ಹಚ್ಚಿದ ಬೆರಕಿ

ಹಿತ್ತಲಿನ ಕರಿಬೇವು ಈ ಬೇಸಿಗೆಯಲ್ಲಿ ಒಣಗಿಹೋಯಿತು. ಹೊಸ ಸಸಿ ತರೋಣವೆಂದು ಹಾವೇರಿಯಲ್ಲಿ ಹೂಡಿದ್ದ ಹೂವು-ಹಣ್ಣಿನ ಪ್ರದರ್ಶನಕ್ಕೆ ಹೋಗಿದ್ದೆ. ನರ್ಸರಿಯವರ ಸಾಲಿನ ಕೊನೆಯ ಮಳಿಗೆಯ ಮುಂದೆ ಮಕ್ಕಳ ಗುಂಪು. ಇಣುಕಿದರೆ ಅಂಗೈಯಷ್ಟು ಪ್ಲಾಸ್ಟಿಕ್ ಕುಂಡದಲ್ಲಿ ಸಣ್ಣದೊಂದು ಗಿಡ. ಎಲೆಯ ತುದಿಗೆ ಎರಡು ತುಟಿ, ತುಟಿಯ ಅಂಚಿಗೆ ಕಣ್ಣರೆಪ್ಪೆಯ ಕೂದಲಿನಂಥ ಮುಳ್ಳು. ಒಬ್ಬ ಹುಡುಗಿ ಕಡ್ಡಿ ತುರುಕಿದಳು, ಗಿಡ ಬಾಯಿ ಮುಚ್ಚಿತು, ಎಲ್ಲರೂ ಹೋ ಎಂದರು. ಪಕ್ಕದ ರಟ್ಟಿನ ಮೇಲೆ ‘ಹುಳ ತಿನ್ನುವ ಗಿಡ’ ಎಂದು ಸ್ಕೆಚ್ ಪೆನ್ನಿನಲ್ಲಿ ಬರೆದಿತ್ತು.

“ಒಯ್ರಿ ಅಕ್ಕಾರ, ಸೊಳ್ಳಿ ತಿಂತೈತಿ,” ಎಂದ ಮಳಿಗೆಯವನು. “ಆದ್ರ ಒಂದ್ ಮಾತು. ಗೊಬ್ಬರ ಮಾತ್ರ ಹಾಕಬ್ಯಾಡ್ರಿ. ಹಾಕಿದ್ರಿ ಅಂದ್ರ ಸತ್ತ ಹೊಕ್ಕೈತಿ.”

“ಗೊತ್ತೈತಪಾ,” ಎಂದೆ. ಎಂದವಳಿಗೆ ನಗು ಬಂದುಬಿಟ್ಟಿತು. ತಡೆಯಲು ಸೆರಗು ಬಾಯಿಗೆ ಇಟ್ಟುಕೊಂಡೆ. ಅವನು ನನ್ನನ್ನೇ ನೋಡುತ್ತಿದ್ದ. “ಇದರ ಬೀಗರು ನಮ್ಮ ಹೊಲದಾಗ ಇದ್ರು, ಭಾಳ ವರ್ಷದ ಹಿಂದ,” ಎಂದು ಹೇಳಿ ಕುಂಡ ತೆಗೆದುಕೊಂಡೆ. ಕರಿಬೇವು ಮರೆತೇ ಹೋಯಿತು.

ಮನೆಗೆ ಬರುವ ಸಿಟಿ ಬಸ್ಸಿನಲ್ಲಿ ತೊಡೆಯ ಮೇಲೆ ಆ ಕುಂಡ ಇಟ್ಟುಕೊಂಡು ಕುಳಿತಾಗ ನೆನಪಾದದ್ದು ಎಂಬತ್ತೊಂಬತ್ತರ ಮಳೆಗಾಲ.

ಆ ವರ್ಷದ ಬೇಸಿಗೆಯಲ್ಲಿ ನನ್ನ ಮದುವೆಯಾಗಿತ್ತು. ಹಾವೇರಿಯಲ್ಲಿ ಬಿ.ಎಸ್ಸಿ. ಎರಡು ವರ್ಷ ಓದಿದ್ದೆ, ಸಸ್ಯಶಾಸ್ತ್ರವೆಂದರೆ ಪ್ರೀತಿ. ನನ್ನ ಗೆಳತಿಯರು ಮೂರನೆಯ ವರ್ಷಕ್ಕೆ ಹೆಸರು ಹಚ್ಚುವ ಹೊತ್ತಿಗೆ ನಾನು ರಾಣೇಬೆನ್ನೂರಿಗೂ ಬ್ಯಾಡಗಿಗೂ ನಡುವಿನ ಒಂದು ಊರಿನಲ್ಲಿ ಸೊಸೆಯಾಗಿ ರೊಟ್ಟಿ ಬಡಿಯುತ್ತಿದ್ದೆ. ಬೇಸರ ಇರಲಿಲ್ಲವೆಂದರೆ ಸುಳ್ಳು. ಆದರೆ ಬೇಸರಪಡಲು ಅತ್ತೆ ಪುರಸೊತ್ತು ಕೊಡುತ್ತಿರಲಿಲ್ಲ.

ನಮ್ಮ ಅತ್ತೆ ಪಾರವ್ವ ಎತ್ತರದ ಆಳು. ದನಿಯೂ ಅಷ್ಟೇ ಎತ್ತರ. ಮೆಲ್ಲಗೆ ಮಾತಾಡಿದರೂ ಊರ ಅಗಸಿ ಬಾಗಿಲವರೆಗೆ ಕೇಳಿಸುತ್ತಿತ್ತು. ಅವರಿಗೆ ಒಂದು ಚಾಳಿ. ಯಾರೇ ಎದುರಿಗೆ ಬಂದರೂ ಉಣ್ಣಲು ಹಾಕಬೇಕು. ಅಂಚೆಯವನಿರಲಿ, ಬಳೆಗಾರ್ತಿಯಿರಲಿ, ದಾರಿ ತಪ್ಪಿ ಬಂದ ಕರುವಿರಲಿ. “ಮಾರಿ ಸಣ್ಣಗಾಗೇತಿ” ಎಂದು ಶುರುಮಾಡಿದರೆಂದರೆ ರೊಟ್ಟಿಯ ಬುಟ್ಟಿ ಹೊರಗೆ ಬಂತೆಂದೇ ಅರ್ಥ. ಮಾವನವರು ಮಾತು ಕಡಿಮೆಯ ಮನುಷ್ಯ. ಕಟ್ಟೆಯ ಮೇಲೆ ಕುಳಿತು ಅಂಗೈಯಲ್ಲಿ ತಂಬಾಕು ತಿಕ್ಕುವುದು, ಹೆಂಡತಿಯ ಮಾತು ಮುಗಿಯುವವರೆಗೆ ಕಾಯುವುದು. ನಮ್ಮವರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಸಂಜೆ ಸೈಕಲ್ಲಿನ ಗಂಟೆಗಿಂತ ಮೊದಲು ಅವರ ಅಂಗಿಯ ಘಾಟು ಅಂಗಳಕ್ಕೆ ಬರುತ್ತಿತ್ತು. ಎಮ್ಮೆ ಸೀನಿತೆಂದರೆ ನಾನು ಚಹಾಕ್ಕೆ ನೀರಿಡುತ್ತಿದ್ದೆ.

ರಾಣೇಬೆನ್ನೂರಿನ ಸುತ್ತ ಆಗ ಕಂಪನಿಗಳಿಗೆ ಹೈಬ್ರಿಡ್ ಬೀಜ ಬೆಳೆದುಕೊಡುವ ಪ್ಲಾಟುಗಳ ಭರಾಟೆ. ಅತ್ತೆ ಎಷ್ಟೋ ವರ್ಷ ಬೇರೆಯವರ ಪ್ಲಾಟುಗಳಿಗೆ ‘ಕ್ರಾಸಿಂಗ್’ ಕೆಲಸಕ್ಕೆ ಹೋಗಿ ಕೈ ಪಳಗಿಸಿಕೊಂಡಿದ್ದರು. ಆ ವರ್ಷ ಮೊದಲ ಸಲ, ನಮ್ಮದೇ ಹೊಲದ ಅರ್ಧ ಎಕರೆಯಲ್ಲಿ ತಾವೇ ಒಂದು ಹತ್ತಿಯ ಪ್ಲಾಟು ಹಿಡಿದರು. ಮಾವನವರಿಗೆ ಇದು ಬೇಡವಾಗಿತ್ತು. ಆ ತುಣುಕಿಗೆ ಗೋವಿನಜೋಳ, ಎಂದರೆ ಮೆಕ್ಕೆಜೋಳ, ಹಾಕಿದರೆ ಚಿಂತೆಯಿಲ್ಲ ಎಂಬುದು ಅವರ ಲೆಕ್ಕ.

“ಒಂದ್ ವರ್ಷ ಮಾಡು, ಬ್ಯಾಡ ಅನ್ನೂದಿಲ್ಲ,” ಎಂದಿದ್ದರು. “ಬೀಜದಾಗ ಬೆರಕಿ ಬಂತಂದ್ರ ಮುಂದಿನ ವರ್ಷ ಮತ್ತ ಗೋವಿನಜೋಳ. ಆಮ್ಯಾಲ ಈ ಮಾತು ತಗೀಬಾರ್ದು.”

“ಬರೂದಿಲ್ಲ ಬಿಡ್ರಿ,” ಎಂದಿದ್ದರು ಅತ್ತೆ. ಅಷ್ಟೇ. ಆದರೆ ಮರುದಿನದಿಂದ ಪ್ಲಾಟಿನ ಕೆಲಸಕ್ಕೆಲ್ಲ ತಾವೇ ಓಡಾಡಿದ್ದು ನೋಡಿ, ಈ ಹೆಂಗಸಿಗೆ ಆ ಅರ್ಧ ಎಕರೆ ಎಷ್ಟು ಬೇಕಾಗಿದೆಯೆಂದು ನನಗೆ ತಿಳಿದಿತ್ತು. ಇಷ್ಟು ವರ್ಷ ಇನ್ನೊಬ್ಬರ ಹೂವಿಗೆ ದಾರ ಕಟ್ಟಿದ ಕೈ ಅದು.

ಕೆಲಸ ಹೀಗೆ. ಹೊಲದಲ್ಲಿ ಹೆಣ್ಣು ಸಾಲು ಬೇರೆ, ಗಂಡು ಸಾಲು ಬೇರೆ. ಮಧ್ಯಾಹ್ನ ಹೆಣ್ಣು ಸಾಲಿನಲ್ಲಿ, ನಾಳೆ ಅರಳಲಿರುವ ಮೊಗ್ಗು ಹುಡುಕಬೇಕು. ಹೆಬ್ಬೆರಳ ಉಗುರು ಊರಿ ಸುತ್ತಲೂ ತಿರುವಿ ಎಳೆದರೆ ಎಸಳೂ ಪುಡಿಯ ಕೇಸರವೂ ಒಟ್ಟಿಗೆ ಟೊಪ್ಪಿಗೆಯ ಹಾಗೆ ಕಳಚಿ ಬರಬೇಕು. ನಡುವಿನ ಎಳೆಗೆ ಗಾಯವಾಗಬಾರದು. ಅದರ ಮೇಲೆ ಕೆಂಪು ತೆಳುಕಾಗದದ ಚೀಲ. ಮರುದಿನ ಬೆಳಿಗ್ಗೆ ಗಂಡು ಹೂವು ತಂದು ಆ ಎಳೆಗೆ ಪುಡಿ ಸವರಿ, ಕೆಂಪು ತೆಗೆದು ಬಿಳಿ ಚೀಲ ಹಾಕಿ, ತೊಟ್ಟಿಗೆ ದಾರ ಕಟ್ಟಬೇಕು. ದಾರವಿದ್ದರೆ ನಾವು ಕೂಡಿಸಿದ ಕಾಯಿ. ದಾರವಿಲ್ಲದ್ದು ಗಾಳಿಯೋ ಜೇನುಹುಳವೋ ಕೂಡಿಸಿದ್ದು, ಅದನ್ನು ಕಿತ್ತೊಗೆಯಬೇಕು. ಹೆಂಗಸರು ಆ ಚೀಲಕ್ಕೆ ಕುಂಚಗಿ ಎನ್ನುತ್ತಿದ್ದರು, ಕೂಸಿನ ತಲೆಗೆ ಹಾಕುತ್ತಾರಲ್ಲ, ಆ ಕುಂಚಗಿ. ಸಂಜೆ ಹೊಲದ ತುದಿಗೆ ನಿಂತು ನೋಡಿದರೆ ಕೆಂಪು ಬಿಳಿ ಕುಂಚಗಿ ತೊಟ್ಟ ಕೂಸುಗಳ ಜಾತ್ರೆ.

ಕಿತ್ತೊಗೆಯದೆ ಉಳಿದ ಒಂದು ಕಾಯಿಯ ಬೀಜ ಒಳ್ಳೆಯ ಬೀಜದಲ್ಲಿ ಸೇರಿಕೊಂಡರೆ ಅದೇ ಬೆರಕಿ. ಬೆರಕೆಯಾದ ಬೀಜ. ಪ್ಲಾಟಿನವರು ಬಾಯಿಬಿಟ್ಟು ಹೇಳಲೂ ಹೆದರುತ್ತಿದ್ದ ಮಾತು. ನಮ್ಮ ಕಡೆ ಬೆರಕಿ ಎಂದರೆ ಇನ್ನೊಂದು ಅರ್ಥವೂ ಇದೆ, ಓದುವ ನಿಮಗೆ ಗೊತ್ತೇ ಇರುತ್ತದೆ: ಚಾಲಾಕಿ, ಒಳಗೊಂದು ಹೊರಗೊಂದು ಇರುವವನು. “ಭಾಳ ಬೆರಕಿ ಅದಾನ” ಎಂದರೆ ಅವನ ಹತ್ತಿರ ಹುಷಾರಾಗಿರು ಎಂದು. ಆ ವರ್ಷ ನಮ್ಮ ಮನೆಯಲ್ಲಿ ಈ ಎರಡು ಬೆರಕಿಗಳೂ ಕಾಲಿಗೆ ತೊಡರಿದವು.

ಹೊಲದ ಹಿಂದೆ ಊರ ದನ ಮೇಯುವ ಮಡ್ಡಿ. ಕೆಂಪು ಗರಸಿನ ನೆಲ. ಬೇಸಿಗೆಯಲ್ಲಿ ಹೆಂಚಿನ ಹಾಗೆ ಕಾಯುತ್ತಿತ್ತು. ಆ ಶ್ರಾವಣದಲ್ಲಿ ಮಳೆ ಹಿಡಿದು ಹೊಡೆದಿದ್ದರಿಂದ ಮಡ್ಡಿಯ ಇಳಿಜಾರಿನಲ್ಲಿ ನೀರು ಜಿನುಗುತ್ತಿತ್ತು. ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದವಳಿಗೆ ಕುಡುಗೋಲಿನ ಹತ್ತಿರ ಏನೋ ಮಿನುಗಿದಂತಾಯಿತು. ನೆಲಕ್ಕೆ ಅಂಟಿಕೊಂಡ ಗುಂಡಗಿನ ಗಿಡ, ಎಂಟಾಣೆಯಷ್ಟಗಲ. ಚಮಚದಂಥ ಪುಟ್ಟ ಎಲೆಗಳು ಸುತ್ತಲೂ. ಬಣ್ಣ ನಸುಗೆಂಪು. ಪ್ರತಿ ಎಲೆಯ ತುಂಬ ಕೂದಲು, ಕೂದಲ ತುದಿಗೆ ಒಂದೊಂದು ಹನಿ. ಇಬ್ಬನಿ ಆರುವ ಹೊತ್ತು ದಾಟಿ ಬಿಸಿಲೇರಿತ್ತು, ಆದರೂ ಆ ಹನಿ ಆರಿರಲಿಲ್ಲ.

ಕಾಲೇಜಿನಲ್ಲಿ ಇದನ್ನು ಚಿತ್ರದಲ್ಲಿ ಮಾತ್ರ ನೋಡಿದ್ದೆ. ಚಿತ್ರ ಬರೆದು, ಭಾಗ ಗುರುತಿಸಿ, ಬಾಯಿಪಾಠ ಮಾಡಿದ್ದೆ. ಅದು ಸೊಸೆಯಾಗಿ ಬಂದ ಮನೆಯ ಹೊಲದ ಹಿಂದೆ ಕೂತಿರುತ್ತದೆಂದು ಯಾರು ಕಂಡಿದ್ದರು?

“ಅತ್ತೀ! ಲಗೂ ಬರ್ರಿ ಇಲ್ಲಿ!”

ಅತ್ತೆ ಹೊಲದಿಂದ ಸೀರೆ ಎತ್ತಿಕಟ್ಟಿ ಓಡಿಬಂದರು. “ಎಲ್ಲೈತಿ? ಹಾವಾ?”

“ಹಾವಲ್ರಿ, ಗಿಡ.”

“ಗಿಡಾ ನೋಡಿ ಹಿಂಗ ಚೀರತಾರೇನು? ನನ್ನ ಎದಿ ಒಡದಿತ್ತು.”

“ಇದು ಹುಳ ತಿಂತೈತ್ರಿ.”

“ಹುಚ್ಚ ಹಿಡದೈತೇನ ನಿನಗ?” ಎಂದರೂ ಕುಕ್ಕರಗಾಲಿನಲ್ಲಿ ಕೂತರು. ನಾನು ಒಂದು ಸಣ್ಣ ಇರುವೆಯನ್ನು ಎಲೆಯ ಮೇಲೆ ಬಿಟ್ಟೆ. ಇರುವೆ ಅಂಟಿಕೊಂಡಿತು, ಕಾಲು ಎತ್ತಿತು, ಇನ್ನೊಂದು ಕಾಲು ಅಂಟಿತು. ಅಂಚಿನ ಉದ್ದ ಕೂದಲು ಬಗ್ಗಿ ಇರುವೆಯ ಬೆನ್ನ ಮೇಲೆ ಬಂದು ಕೂತಿತು. ಕಣ್ಣೆದುರೇ. ಅತ್ತೆ ಇನ್ನೂ ಹತ್ತಿರಕ್ಕೆ ಬಗ್ಗಿದರು.

“ಯವ್ವಾ! ಬೆರಳ ಮಡಚಿದಂಗ ಮಡಚತು!” ಆಮೇಲೆ ಕೇಳಿದರು, “ಇದರ ಹೆಸರೇನ?”

“ಡ್ರೋಸೆರಾ.”

“ಶಿರಾ? ಉಪ್ಪಿಟ್ಟಿನ ಬಾಜೂಕ ಇಡತಾರಲ್ಲ, ಆ ಶಿರಾ?”

“ಡ್ರೋಸೆರಾ ರೀ. ಇದರ ಕುಟುಂಬಕ್ಕ ಡ್ರೋಸೆರೇಸಿ ಅಂತಾರ.”

ಕುಟುಂಬ ಎಂದ ಕೂಡಲೇ ಅತ್ತೆಯ ಕಿವಿ ನೆಟ್ಟಗಾಯಿತು. ಬೀಗತನದ ಮಾತೆಂದರೆ ಅವರಿಗೆ ಅನ್ನ ನೀರು ಬೇಡ. “ಗಿಡಕ್ಕೂ ಕುಟುಂಬ ಇರತೈತಾ? ಯಾರ‍್ಯಾರ ಅದಾರ ಮನ್ಯಾಗ?”

ನನಗೂ ಹುರುಪು ಬಂತು. ಹುಲ್ಲಿನ ಹೊರೆ ಬದಿಗಿಟ್ಟು, ಪರೀಕ್ಷೆಯಲ್ಲಿ ಬರೆಯಬೇಕಾಗಿದ್ದ ಉತ್ತರವನ್ನೆಲ್ಲ ಅತ್ತೆಗೆ ಒಪ್ಪಿಸಿದೆ. ಈ ಮಂಜಿನ ಹನಿಯ ಗಿಡಗಳದೇ ದೊಡ್ಡ ಸಂಸಾರ, ಅಕ್ಕತಂಗಿಯರು ಲೆಕ್ಕವಿಲ್ಲದಷ್ಟು, ಹೆಚ್ಚಿನವರು ಆಸ್ಟ್ರೇಲಿಯಾದಲ್ಲಿ. ಇನ್ನೊಬ್ಬಳು ಅಮೆರಿಕದಲ್ಲಿ ಒಬ್ಬಳೇ ಇದ್ದಾಳೆ. ಅವಳಿಗೆ ಅಂಟಿಲ್ಲ, ಹುಳ ಬಂದರೆ ಎಲೆಯ ಬಾಯಿ ಮುಚ್ಚುತ್ತಾಳೆ. ಮತ್ತೊಬ್ಬಳಿಗೆ ಬೇರೇ ಇಲ್ಲ, ಕೆರೆಯ ನೀರಿನಲ್ಲಿ ತೇಲಿಕೊಂಡೇ ಇರುತ್ತಾಳೆ, ನೀರಿನೊಳಗಿನ ಹುಳ ಹಿಡಿಯುತ್ತಾಳೆ.

“ಅಮೇರಿಕಾದಾಕಿ ಬಾಯಿ ಮುಚ್ಚತಾಳಾ?” ಅತ್ತೆ ಯೋಚಿಸಿದರು. “ಹಂಗಾರ ಆಕಿ ನಮ್ಮ ನೆಗೆಣ್ಣಿ ಪೈಕಿ ಅಲ್ಲ ಬಿಡು. ನೀರಾಗ ತೇಲಾಕಿ ನಿಮ್ಮ ಮಾವನ ತಂಗಿ ಇದ್ದಂಗ. ಎಲ್ಲಿ ಒಂದ್ ಕಡಿ ನಿಲ್ಲೂದಿಲ್ಲ, ಎಲ್ಲಾರ ಮನ್ಯಾಗೂ ಉಂಡ ಬರತಾಳ.”

ನಾವಿಬ್ಬರೂ ಆ ಮಡ್ಡಿಯ ಮೇಲೆ ಕೂತು ನಕ್ಕಿದ್ದು ಪಕ್ಕದ ಪ್ಲಾಟಿನ ನೀಲವ್ವನಿಗೆ ಕೇಳಿ, “ಅತ್ತಿ-ಸೊಸಿ ಏನ ಕಿಸೀತೀರಿ, ಹೂವು ಬಾಡಾಕತ್ತಾವು!” ಎಂದು ಕೂಗಿದಳು. ಮದುವೆಯಾದ ಮೇಲೆ ನಾನು ಅಷ್ಟು ನಕ್ಕಿದ್ದು ಅದೇ ಮೊದಲು.

ಎದ್ದು ಹೊರಡುವಾಗ ಅತ್ತೆ ಇನ್ನೊಮ್ಮೆ ಬಗ್ಗಿ ನೋಡಿದರು. “ಮ್ಯಾಲ ನೋಡಿದ್ರ ಮುತ್ತ ಪೋಣಿಸಿದಂಗ ಚಂದಾಗಿ ಕುಂತೈತಿ. ಒಳಗ ನೋಡಿದ್ರ ಬರೇ ಉಣ್ಣೂದs ಚಿಂತಿ. ಭಾಳ ಬೆರಕಿ ಐತಿ ಇದು.” ಆವತ್ತಿನಿಂದ ನಮ್ಮ ಮನೆಯಲ್ಲಿ ಡ್ರೋಸೆರಾದ ಹೆಸರು ಬೆರಕಿ.

ಮೂರು ನಾಲ್ಕು ದಿನ ಅತ್ತೆ ಏನನ್ನೋ ಲೆಕ್ಕ ಹಾಕುತ್ತಿದ್ದರು. ಒಂದು ಬೆಳಿಗ್ಗೆ ಪುಡಿ ಸವರುತ್ತ ಹೇಳಿದರು, “ಸರೋಜಾ, ನಮಗ ವೈರಿ ಯಾರು?”

“ಯಾರೂ ಇಲ್ಲಲ್ರಿ.”

“ಜೇನ್ನೊಣ. ಗಾಳಿಗೆ ಕುಂಚಗಿ ಹಾರಿದ್ರ ಬಂದ ಕುಂಡ್ರೂದು ಅದs. ಆ ಬೆರಕೀನ ತಂದು ಬದುವಿನ್ಯಾಗ ಸಾಲಾಗಿ ಹಚ್ಚಿದ್ರ? ಒಳಗ ಬರೂದರಾಗ ಹಿಡಕೋತಾವು.”

ಜೇನುಹುಳ ದೊಡ್ಡದು, ಈ ಗಿಡ ಗುಂಗಾಡು, ಇರುವೆಯಂಥ ಸಣ್ಣ ಹುಳವನ್ನು ಮಾತ್ರ ಹಿಡಿಯುತ್ತದೆ ಎಂದೆ. “ಒಂದಕ್ಕ ಆಗದಿದ್ರ ನಾಕು ಹಿಡೀತಾವು,” ಎಂದರು. ಬುಟ್ಟಿ ಗುದ್ದಲಿ ತೆಗೆದುಕೊಂಡು ಮಡ್ಡಿಗೆ ಹೋದೆವು. ಗರಸಿನ ಸಮೇತ ಎಬ್ಬಿಸಿ ತಂದು ಹೊಲದ ಬದುವಿನ ಉದ್ದಕ್ಕೂ ಹಚ್ಚಿದೆವು. ಕಾವಲುಗಾರರ ಸಾಲು. ಅತ್ತೆ ದಿನವೂ ಮೊದಲು ಅತ್ತ ಹೋಗಿ, ಯಾವುದಕ್ಕೆ ಏನು ಸಿಕ್ಕಿದೆ ಎಂದು ಬಗ್ಗಿ ನೋಡಿಯೇ ಹೂವಿಗೆ ಕೈ ಹಾಕುತ್ತಿದ್ದರು. ಒಂದಕ್ಕೆ ಸಣ್ಣ ಪತಂಗ ಸಿಕ್ಕ ದಿನ ಅದರ ಸುದ್ದಿ ಊರ ಬಾವಿಯ ಕಟ್ಟೆಗೂ ಹೋಯಿತು.

ಸುದ್ದಿ ಬಾವಿಕಟ್ಟೆಗೆ ನಿಂತಿದ್ದರೆ ಚೆನ್ನಾಗಿತ್ತು. ಆ ವಾರ ಅತ್ತೆ ಬಸ್ಸಿನಲ್ಲಿ ಬ್ಯಾಡಗಿಗೆ ಹೋದರು. ಬಸ್ಸಿನ ಸದ್ದಿನ ಮೇಲೆ ಅವರ ದನಿ ಏರಿತ್ತೆಂದು ಜೊತೆಗಿದ್ದ ನೀಲವ್ವ ಆಮೇಲೆ ಹೇಳಿದಳು. “ನಮ್ಮ ಹೊಲದಾಗ ಬೆರಕಿ ಭಾಳ ಚಲೋ ಆಗ್ಯಾವು ನೋಡು, ದಿನಾ ಹೆಚ್ಚಾಗಾಕತ್ತಾವು,” ಎಂದಿದ್ದರಂತೆ. ಆ ಬಸ್ಸಿನಲ್ಲಿ ಪ್ಲಾಟು ಮಾಡುವವರು ಎಷ್ಟು ಮಂದಿ ಇದ್ದರೋ, ಯಾರು ಯಾರ ಕಿವಿಗೆ ಹಾಕಿದರೋ.

ಇಷ್ಟರಲ್ಲಿ ಕಾವಲುಗಾರರು ಬಾಡತೊಡಗಿದ್ದರು. ಎಲೆಯ ಹನಿ ಕಡಿಮೆಯಾಯಿತು, ಅಂಚು ಕಪ್ಪಾಯಿತು. ಅತ್ತೆ ಗಿಡದ ಮುಂದೆ ಕೂತು ಅದೇ ಮಾತು ಶುರುಮಾಡಿದರು. “ಮಾರಿ ಸಣ್ಣಗಾಗೇತಿ ಇವುಕ.”

ನನಗೆ ಗೊತ್ತಾಯಿತು. “ಅತ್ತೀ, ಇವು ಬಡ ನೆಲದಾಗs ಬೆಳಿಯೂವು. ಗೊಬ್ಬರಾ ತಡಕೊಳ್ಳೂದಿಲ್ಲ ಅಂತ ಪುಸ್ತಕದಾಗ ಐತ್ರಿ.”

“ಪುಸ್ತಕ ಬರದಾವ ಹೊಟ್ಟಿ ತುಂಬ ಉಂಡ ಬರದಾನ. ಪಾಪ, ಉಪಾಸ ಅದಾವಂತನs ಹುಳಕ್ಕ ಬಾಯಿ ಹಾಕಾಕತ್ತಾವು.”

“ಹೊಟ್ಟಿ ತುಂಬಿದ್ರ ಹುಳ ಯಾಕ ಹಿಡೀತಾವ್ರಿ ಮತ್ತ?”

“ನೀ ಉಂಡ ಮ್ಯಾಲ ಕೆಲಸ ಮಾಡೂದಿಲ್ಲೇನ?”

ಅತ್ತೆ ತಿಪ್ಪೆಯಿಂದ ಕಳಿತ ಗೊಬ್ಬರ ತಂದು, ಕೈಯಿಂದ ಪುಡಿಮಾಡಿ, ಮೊಮ್ಮಕ್ಕಳಿಗೆ ತುತ್ತು ಕೊಟ್ಟ ಹಾಗೆ ಒಂದೊಂದರ ಬುಡಕ್ಕೂ ಹಾಕಿದರು.

ಅದಾದ ಎರಡು ದಿನಕ್ಕೆ ಕಂಪನಿಯ ಸೂಪರ್‌ವೈಜರ್ ಖಾದರಸಾಬರು ಮೋಟರ್ ಸೈಕಲ್ ಹತ್ತಿ ಬಂದರು. ಪ್ಲಾಟುಗಳನ್ನು ನೋಡಿಕೊಳ್ಳುವವರು ಅವರೇ. ಯಾವಾಗಲೂ ನಗುತ್ತ ಬರುವ ಮನುಷ್ಯ ಆವತ್ತು ಗಾಡಿಯ ಮೇಲಿಂದ ಇಳಿಯಲೂ ಇಲ್ಲ. ಮಾವನವರು ಕಟ್ಟೆಯ ಮೇಲಿದ್ದರು. ಅತ್ತೆ ಅಂಗಳದಲ್ಲಿ. ನಾನು ಬಾಗಿಲಲ್ಲಿ.

“ಪಾರವ್ವಾರ, ಒಂದ್ ಸುದ್ದಿ ಬಂದೈತಿ. ನಿಮ್ಮ ಹೊಲದಾಗ ಬೆರಕಿ ಅದಾವಂತ. ಖರೇ ಏನ್ರಿ?”

ಅತ್ತೆಯ ಮುಖ ಅರಳಿತು. “ಖರೇ ರೀ! ನಿಮ್ಮ ತನಕಾ ಬಂತಾ ಸುದ್ದಿ?”

ಮಾವನವರ ಹೆಬ್ಬೆರಳು ತಂಬಾಕಿನ ಮೇಲೆ ನಿಂತುಬಿಟ್ಟಿತು.

“ಎಷ್ಟ್ ಅದಾವ್ರಿ?” ಖಾದರಸಾಬರ ದನಿ ಇಳಿದಿತ್ತು.

“ಬುಟ್ಟಿ ತುಂಬ ತಂದ ಹಚ್ಚೇವ್ರಿ. ಬದುವಿನ ಉದ್ದಕ್ಕೂ.”

“ನೀವs ಹಚ್ಚೀರಿ?”

“ಮತ್ಯಾರ ಹಚ್ಚತಾರ? ಈ ನಮ್ಮ ಸರೋಜಾ ತೋರಿಸಿದ್ಲು. ಕಾಲೇಜ ಕಲತಾಕಿ. ಆಕಿ ಬಂದ ಮ್ಯಾಲs ನಮ್ಮ ಹೊಲದಾಗ ಬೆರಕಿ ಬಂದದ್ದು.”

ನನಗೆ ಆಗ ಹೊಳೆಯಿತು. “ಅತ್ತೀ, ಸಾಹೇಬ್ರು ಕೇಳೂದು…” ಎಂದೆ.

“ನೀ ಸುಮ್ನಿರವಾ, ನಾಚಿಕೊಬ್ಯಾಡ. ಮಾಡಿದ್ದು ಹೇಳಬೇಕು. ಸಾಹೇಬ್ರ, ನಿನ್ನೆ ಮೊನ್ನೆ ಒಂದೀಟ ಬಾಡಿದ್ವು. ಗೊಬ್ಬರಾ ಹಾಕೇನಿ, ಎದ್ದ ನಿಲ್ಲತಾವು.”

“ಗೊಬ್ಬರಾನೂ ಹಾಕೀರಿ,” ಎಂದರು ಖಾದರಸಾಬರು, ಬಿಕ್ಕಳಿಕೆ ಬಂದವರ ಹಾಗೆ. ಇಷ್ಟು ವರ್ಷದ ನೌಕರಿಯಲ್ಲಿ ಬೆರಕಿಯನ್ನು ಮುಚ್ಚಿಡುವವರನ್ನು ಅವರು ಬೇಕಾದಷ್ಟು ಕಂಡಿದ್ದರು. ಹಚ್ಚಿ, ನೀರುಣಿಸಿ, ಗೊಬ್ಬರ ಹಾಕಿ, ಸೊಸೆಯ ಹೆಸರು ಹೇಳಿ ಹೊಗಳಿಕೊಳ್ಳುವವರನ್ನು ಕಂಡಿರಲಿಲ್ಲ.

“ಗೋವಿನಜೋಳ,” ಎಂದರು ಮಾವನವರು, ಯಾರಿಗೂ ಅಲ್ಲದಂತೆ.

ಅತ್ತೆ ಒಮ್ಮೆ ಗಂಡನ ಕಡೆ, ಒಮ್ಮೆ ಸಾಹೇಬರ ಕಡೆ ನೋಡಿದರು. ಏನೋ ತಪ್ಪಾಗಿದೆ ಎನ್ನುವುದು ಮುಟ್ಟಿತು, ಏನೆಂಬುದು ಮುಟ್ಟಲಿಲ್ಲ. “ಬರ್ರಿ, ಕಣ್ಣಾರೆ ನೋಡ್ರಿ ಬೇಕಾರ,” ಎಂದು ಮುಂದೆ ನಡೆದರು. ನಾವೆಲ್ಲ ಹಿಂದೆ.

ಬದುವಿನ ಮೇಲೆ ಬಗ್ಗಿ ಅತ್ತೆ ಬೆರಳು ತೋರಿಸಿದರು. “ಇವs ನೋಡ್ರಿ ಬೆರಕಿ.”

ಖಾದರಸಾಬರು ನೋಡಿದರು. ಬಾಡಿದ ಎಲೆಗೆ ಒಂದು ಗುಂಗಾಡು ಅಂಟಿಕೊಂಡಿತ್ತು. ನಾನು ಹೇಗೋ ಧೈರ್ಯಮಾಡಿ ಗಿಡದ ಹೆಸರು, ಅದಕ್ಕೆ ಅತ್ತೆ ಇಟ್ಟ ಹೆಸರು, ಅದನ್ನು ಇಲ್ಲಿ ತಂದ ಕಾರಣ ಹೇಳಿದೆ. ಮನುಷ್ಯ ಮೊದಲು ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡರು. ಆಮೇಲೆ ನಕ್ಕರು ನೋಡಿ, ಬದುವಿನ ಮೇಲೆ ಕೂತು ನಕ್ಕರು. “ಯಾ ಅಲ್ಲಾ! ಪಾರವ್ವಾರ, ನಾ ದಾರಿ ತುಂಬ ನಿಮ್ಮ ಪ್ಲಾಟ್ ಕ್ಯಾನ್ಸಲ್ ಅಂತ ಹೆಂಗ ಹೇಳೂದು ಅಂತ ಲೆಕ್ಕ ಹಾಕ್ಕೋತ ಬಂದೇನಿ.”

ಅತ್ತೆಗೆ ಆಗ ಎಲ್ಲವೂ ಹೊಳೆಯಿತು. “ನನ್ನ ಬಾಯಾಗ ಮಣ್ಣ ಬೀಳ್ಲಿ,” ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡರು. ಮಾವನವರ ಹೆಬ್ಬೆರಳು ಮತ್ತೆ ಚಲಿಸಿತು.

ಆದರೆ ಬಂದ ಕೆಲಸ ಬಿಟ್ಟು ಹೋಗುವ ಮನುಷ್ಯನಲ್ಲ ಖಾದರಸಾಬರು. ನಗುತ್ತಲೇ ಹೆಣ್ಣು ಸಾಲಿನೊಳಗೆ ನಡೆದರು. ಗಿಡ ಸರಿಸಿ ನೋಡುತ್ತ ಹೋದವರು ನಡುವೆ ಒಂದು ಕಡೆ ನಿಂತರು. ನಗು ನಿಂತಿತ್ತು.

“ಇದಕ್ಕ ದಾರ ಎಲ್ಲೈತ್ರಿ?”

ಎಲೆಯ ಮರೆಯಲ್ಲಿ ಹಸಿರು ಕಾಯಿ, ತೊಟ್ಟಿಗೆ ದಾರವಿಲ್ಲ. ಆ ಸಾಲಿನಲ್ಲೇ ಮುಂದೆ ಇನ್ನೊಂದು. ಆ ವಾರದ ಗಾಳಿಗೆ ಕುಂಚಗಿ ಹಾರಿದ ಹೂವುಗಳು ಅವು. ದಿನವೂ ಕಣ್ಣಿಟ್ಟು ಹುಡುಕುತ್ತಿದ್ದ ಅತ್ತೆ ಆ ವಾರ ಮಾತ್ರ ಬದುವಿನ ಮೇಲೆ ಬಗ್ಗಿ ಕೂತಿದ್ದರು. ಅತ್ತೆ ಎರಡನ್ನೂ ಕಿತ್ತು ಮಡಿಲಿಗೆ ಹಾಕಿಕೊಂಡರು. ಎಂಥ ದನಿಯ ಹೆಂಗಸು, ಆ ಹೊತ್ತಿನಲ್ಲಿ ಕಾಯಿ ಮುರಿದ ಸದ್ದು ಮಾತ್ರ ಕೇಳಿಸಿತು.

“ಎಲ್ಲಾ ಸಾಲು ಇವತ್ತs ನೋಡಿ ತಗೀರಿ,” ಎಂದರು ಖಾದರಸಾಬರು. “ಚಲೋ ಹೊತ್ತಿನ್ಯಾಗ ಕಣ್ಣಿಗೆ ಬಿತ್ತು. ಬೀಜ ಕಂಪನಿಗೆ ಬಂದ ಮ್ಯಾಲ ಒಂದ್ ಮುಷ್ಟಿ ಬಿತ್ತಿ ಬೆಳಿಸಿ ನೋಡತಾರ. ಒಳಗ ಬೆರಕಿ ಇದ್ರ ಆವಾಗ ಗೊತ್ತಾಗತೈತಿ. ಅಲ್ಲೀತನಕ ನಾನೂ ಏನೂ ಹೇಳೂ ಹಂಗಿಲ್ಲ.”

ಆ ಮಧ್ಯಾಹ್ನ ಮಾವನವರೂ ತಂಬಾಕಿನ ಚೀಲ ಕಟ್ಟಿಟ್ಟು ಸಾಲಿಗಿಳಿದರು. ನೀಲವ್ವ ತನ್ನ ಹೊಲ ಬಿಟ್ಟು ಬಂದಳು. ಬೆಳಕಿರುವವರೆಗೆ ಗಿಡ ಗಿಡವನ್ನೂ ತಡವಿದೆವು. ಸಿಕ್ಕಿದ ಕಾಯಿಗಳನ್ನು ಎಮ್ಮೆಯ ಮುಂದೆ ಸುರಿದು ಅತ್ತೆ ಹೇಳಿದರು, “ಆ ಬೆರಕಿ ನೋಡಕೋತ ಈ ಬೆರಕಿ ಮರತೆ ನೋಡವಾ.” ಆವತ್ತು ಅವರು ಉಣ್ಣಲಿಲ್ಲ. ನಾನು ಮೊದಲ ಸಲ ಅವರ ಮಾತನ್ನೇ ಅವರಿಗೆ ಹೇಳಿದೆ: “ಅತ್ತೀ, ಮಾರಿ ಸಣ್ಣಗಾಗೇತಿ.” ರೊಟ್ಟಿ ಮುರಿದು ಕೈಯಲ್ಲಿಟ್ಟೆ. ಅರ್ಧ ತಿಂದರು.

ಗೊಬ್ಬರ ತಿಂದ ಬೆರಕಿಗಳು ವಾರದೊಳಗೆ ಒಂದೊಂದಾಗಿ ಕರಗಿದವು. ಉಳಿದ ಸ್ವಲ್ಪವನ್ನು ಅತ್ತೆ ತಾವೇ ಎಬ್ಬಿಸಿ, ಬೇರಿಗೆ ಹತ್ತಿದ ಗೊಬ್ಬರವನ್ನು ಊದಿ ಊದಿ ಕೆಡವಿ, ಮಡ್ಡಿಯ ಅದೇ ಜಿನುಗು ನೀರಿನ ಜಾಗಕ್ಕೆ ಒಯ್ದಿಟ್ಟರು. “ಉಣ್ಣಾಕ ಹಾಕಿದ್ದಕ್ಕ ಸಾಯತಾವು ಅಂದ್ರ ಏನ ಹೇಳೂದು,” ಎನ್ನುವುದು ಅವರಿಗೆ ಬಗೆಹರಿಯದ ಮಾತಾಗಿ ಉಳಿಯಿತು.

ದಸರೆ ಕಳೆದ ಮೇಲೆ, ಕ್ರಾಸಿಂಗ್ ಕೆಲಸ ಇಳಿಮುಖವಾದಾಗ ಒಂದು ದಿನ ನನ್ನನ್ನು ಮಡ್ಡಿಗೆ ಕರೆದರು. ಬದುಕಿ ಉಳಿದ ಒಂದು ಬೆರಕಿ ಹೂವು ಬಿಟ್ಟಿತ್ತು. ನೆಲಕ್ಕೆ ಅಂಟಿದ ಗಿಡದ ನಡುವಿನಿಂದ ದಾರದಂಥ ದಂಟು ಗೇಣುದ್ದ ಎದ್ದು, ತುದಿಯಲ್ಲಿ ಬಿಳಿಯ ಪುಟ್ಟ ಹೂವು. ಅತ್ತೆ ಬೆರಳಿನಿಂದ ಕೆಳಗಿನ ಎಲೆಗೂ ಮೇಲಿನ ಹೂವಿಗೂ ಇರುವ ದೂರವನ್ನು ಅಳೆದರು.

“ಹೂವು ಯಾಕ ಇಷ್ಟ ಮ್ಯಾಲ ಇಟಗೊಂಡೈತಿ ಹೇಳು?”

“ಹೂವಿಗೆ ಬರೂ ಹುಳಾನ ಎಲಿ ತಿಂದುಬಿಟ್ರ ಬೀಜ ಆಗೂದು ಹೆಂಗ್ರಿ?”

“ಹಂಗಾರ ಇದೂ ಕ್ರಾಸಿಂಗ್ ಮಾಡಸಕೋತೈತಿ!” ಅತ್ತೆಯ ದನಿ ಬಹಳ ದಿನಗಳ ಮೇಲೆ ಎತ್ತರಕ್ಕೇರಿತು. “ಊಟಕ್ಕ ಬಂದಾವ್ಗ ಪಡಸಾಲಿ, ಬೀಗರಿಗೆ ಅಟ್ಟ. ನಾ ಇಟ್ಟ ಹೆಸರು ಖರೇನs ಐತಿ ನೋಡು.”

ಹತ್ತಿ ಬಿಡಿಸಿದೆವು. ದಾರವಿದ್ದ ಕಾಯಿ ಮಾತ್ರ ಬೇರೆ ತೆಗೆದೆವು, ಮನೆಯವರೇ ಕೂತು ಒಂದೊಂದನ್ನೂ ನೋಡಿ. ಬೀಜ ಕಂಪನಿಗೆ ಹೋಯಿತು. ಚಳಿಗಾಲ ಕಳೆಯಿತು. ನಮ್ಮವರ ಅಂಗಿ ಹೊಸ ಮೆಣಸಿನಕಾಯಿಯ ಧೂಳಿನಿಂದ ಕೆಂಪಾಗತೊಡಗಿತು. ಮಾವನವರು ಗೋವಿನಜೋಳದ ಮಾತು ತೆಗೆಯಲಿಲ್ಲ, ಆದರೆ ಬಿತ್ತುವ ಕೂರಿಗೆಯನ್ನು ಅಟ್ಟದಿಂದ ಇಳಿಸಿ ಎಣ್ಣೆ ಹಚ್ಚಿಟ್ಟರು. ಅತ್ತೆ ಅದರ ಪಕ್ಕ ಹಾಯುವಾಗಲೆಲ್ಲ ಸೆರಗು ತಾಗದಂತೆ ಹಾಯುತ್ತಿದ್ದರು.

ಬೇಸಿಗೆಯಲ್ಲಿ ಒಂದು ಸಂಜೆ ಮಡ್ಡಿಗೆ ಹೋಗಿ ಬಂದವರು ಕಟ್ಟೆಯ ಮೇಲೆ ಕುಸಿದು ಕೂತರು. “ಒಂದೂ ಇಲ್ಲವಾ. ಬರೇ ಗರಸು. ನನ್ನ ಕೈಯಾರೆ ಕುಲ ತಗದೆ.”

“ಇವು ಒಂದು ಮಳಿಗಾಲದ ಗಿಡ ರೀ ಅತ್ತೀ. ಬೀಜ ಉದುರಿಸಿ ಹೋಗ್ಯಾವು. ಮಳಿ ಬಂದ್ರ ಮತ್ತ ಏಳತಾವು.”

“ನನ್ನ ಸಮಾಧಾನಕ್ಕ ಹೇಳತಿ ನೀ,” ಎಂದರು.

ಮರುದಿನವೋ ಅದರ ಮರುದಿನವೋ, ನಾವು ಅಂಗಳದಲ್ಲಿ ಶ್ಯಾವಿಗೆ ಒಣಹಾಕುತ್ತಿದ್ದೆವು. ಅಗಸಿಯ ಕಡೆಯಿಂದ ಮೋಟರ್ ಸೈಕಲ್ಲಿನ ಸದ್ದು ಬಂತು. ಖಾದರಸಾಬರು ಗಾಡಿ ನಿಲ್ಲಿಸುವ ಮೊದಲೇ ಕೂಗಿದರು.

“ಪಾರವ್ವಾರ! ಬೆರಕಿ ಒಂದೂ ಇಲ್ರಿ!”

ಅತ್ತೆ ಶ್ಯಾವಿಗೆಯ ಎಳೆ ಕೈಯಲ್ಲಿ ಹಿಡಿದೇ ನಿಟ್ಟುಸಿರು ಬಿಟ್ಟರು. “ಗೊತ್ತೈತ್ರಿ ಸಾಹೇಬ್ರ. ನಾನs ಹೋಗಿ ನೋಡಿ ಬಂದೇನಿ. ಎಲ್ಲಾ ಸತ್ತ ಹೋಗ್ಯಾವು.”

ಖಾದರಸಾಬರು ಒಂದು ಕಾಲು ನೆಲಕ್ಕೂರಿ ಹಾಗೇ ನಿಂತರು. ಕಟ್ಟೆಯ ಮೇಲೆ ಮಾವನವರು, ನಾನು ನನ್ನ ಜೀವಮಾನದಲ್ಲಿ ಒಂದೇ ಸಲ ಕೇಳಿದ ದನಿಯಲ್ಲಿ, ಜೋರಾಗಿ ಹೇಳಿದರು: “ಏ ಹುಚ್ಚಿ, ಬೀಜಾ! ನಿನ್ನ ಬೀಜಾ ಪಾಸಾಗೇತಿ!”

ಅತ್ತೆ ಅಲ್ಲೇ ಶ್ಯಾವಿಗೆಯ ಮೇಲೆ ಕೂತುಬಿಟ್ಟರು. ಅತ್ತರೋ ನಕ್ಕರೋ, ಹೇಳಲು ಬರುವ ಹಾಗಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೂಗೊರೆಸಿಕೊಂಡು ಎದ್ದು, ಖಾದರಸಾಬರ ಮುಖ ನೋಡಿ, “ಮಾರಿ ಸಣ್ಣಗಾಗೇತಿ ನಿಮ್ಮದು,” ಎಂದು ಒಳಗೆ ಹೋದರು. ಮಾವನವರು ಕೂರಿಗೆಯನ್ನು ಅಟ್ಟಕ್ಕೆ ಏರಿಸಿದರು.

ಜೂನ್ ಕಳೆದು ಮಳೆ ಹಿಡಿದಾಗ, ಮಡ್ಡಿಯ ಇಳಿಜಾರಿನಿಂದ ಒಂದು ಬೆಳಿಗ್ಗೆ ಅತ್ತೆ ಚೀರಿದ್ದು ಕೇಳಿ ನಾನು ಹಾವೆಂದೇ ಓಡಿದೆ. ಅಲ್ಲ. ನೆಲದ ಮೇಲೆ ಸಾಸಿವೆಯಷ್ಟಷ್ಟು ಕೆಂಪು ಚುಕ್ಕೆ, ಚುಕ್ಕೆಯ ಸುತ್ತ ಹನಿ.

ಅತ್ತೆ ಆಮೇಲೆ ಎಷ್ಟೋ ವರ್ಷ ಪ್ಲಾಟು ಮಾಡಿದರು. ನನ್ನ ಬಿ.ಎಸ್ಸಿ. ಮುಗಿಯಲಿಲ್ಲ. ಊರಿನ ಮಕ್ಕಳಿಗೆ ಪಾಠ ಹೇಳುತ್ತ, ಅವರನ್ನು ಮಡ್ಡಿಗೆ ಕರೆದೊಯ್ದು ಬೆರಕಿ ತೋರಿಸುತ್ತ ಇದ್ದೆ. ಈಗ ನಾವು ಹಾವೇರಿಯಲ್ಲೇ ಇದ್ದೇವೆ. ಮಾವನವರಿಲ್ಲ. ಅತ್ತೆಗೆ ಕಣ್ಣು ಮಂದವಾಗಿದೆ, ಹಲ್ಲು ಹೋಗಿವೆ, ದನಿ ಹೋಗಿಲ್ಲ.

ಪ್ರದರ್ಶನದಿಂದ ಬಂದು ಕುಂಡವನ್ನು ಅವರ ಮಂಚದ ಮೇಲಿಟ್ಟೆ. “ಅತ್ತೀ, ಅಮೇರಿಕಾದಾಕಿ ಬಂದಾಳ.”

ಒಂದು ಗಳಿಗೆ ಹುಡುಕಿದರು, ನೆನಪಿನಲ್ಲಿ. “ಬಾಯಿ ಮುಚ್ಚಾಕಿ?”

“ಹೌದ್ರಿ.”

ಬೆರಳು ಹಿಡಿದು ಎಲೆಯ ಒಳಗೆ ಇಡಿಸಿದೆ. ಗಿಡ ಮೆಲ್ಲಗೆ ಬಾಯಿ ಮುಚ್ಚಿತು. ಅತ್ತೆ ಬೆರಳು ತೆಗೆಯದೆ ಹಾಗೇ ಇಟ್ಟುಕೊಂಡು, ಕೂಸು ಬೆರಳು ಹಿಡಿದಾಗ ನಗುತ್ತಾರಲ್ಲ, ಹಾಗೆ ನಕ್ಕರು. “ಹಲ್ಲಿಲ್ಲ ಈಕಿಗೂ. ಅಷ್ಟ ದೂರದಿಂದ ಬಂದಾಳ, ಉಣ್ಣಾಕ ಏನರೆ ಹಾಕಿದೇನ?”

“ಏನೂ ಹಾಕಿಲ್ರಿ.”

“ಹಾಕಬ್ಯಾಡ,” ಎಂದರು ಕೂಡಲೇ. ಬೆರಳು ಇನ್ನೂ ಆ ಪುಟ್ಟ ಬಾಯಿಯಲ್ಲೇ ಇತ್ತು.

“ಆದ್ರ ಮನೀಗ ಬಂದಾಕಿಗೆ ಏನೂ ಹಾಕದ ಕುಂಡ್ರೂದು ಭಾಳ ತ್ರಾಸ ಐತಿ ನೋಡವಾ, ಸರೋಜಾ. ಒಂಚೂರು ನೀರರೆ ಕೊಡು.”